ಅಂಕಕ್ಕೆ ಕಾರಣ ತಿಳಿಯದ ಕಚೇರಿ: ನೆದರ್‌ಲೆಂಡ್ಸ್‌ನ ಭತ್ಯೆ ಪ್ರಕರಣದ ಹಿನ್ನೆಲೆ

ಸರ್ಕಾರಿ ಇಲಾಖೆಗಳು ಕೃತಕ ಬುದ್ಧಿಮತ್ತೆಯನ್ನು ಯಾವ ಕಟ್ಟುಪಾಡಿನೊಳಗೆ ಬಳಸಬೇಕು ಎಂಬ ಚರ್ಚೆಯಲ್ಲಿ ನೆದರ್‌ಲೆಂಡ್ಸ್‌ನ ಶಿಶುಪಾಲನಾ ಭತ್ಯೆ ಪ್ರಕರಣ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಅಲ್ಲಿ ದುಡಿಯುವ ತಂದೆತಾಯಂದಿರು ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟರೆ, ಅವರ ಅಂದಾಜು ಆದಾಯವನ್ನು ಆಧರಿಸಿ ಖರ್ಚಿನ ಒಂದು ಪಾಲನ್ನು ತೆರಿಗೆ ಇಲಾಖೆ ಮುಂಗಡವಾಗಿ ಕೊಡುತ್ತಿತ್ತು. 2005ರಲ್ಲಿ ರೂಪುಗೊಂಡ ಈ ವ್ಯವಸ್ಥೆಯ ನಿಯಮಗಳನ್ನು ಇಲಾಖೆ ಅತಿ ಕಠಿಣವಾಗಿ ಅರ್ಥೈಸಿತು. ಒಂದು ಸಹಿ ಬಿಟ್ಟುಹೋಗಿದ್ದರೂ, ಪೋಷಕರು ತಮ್ಮ ಪಾಲಿನ ಸಣ್ಣ ಮೊತ್ತ ಕಟ್ಟಿದ್ದಕ್ಕೆ ದಾಖಲೆ ಇಲ್ಲದಿದ್ದರೂ, ಇಡೀ ವರ್ಷದ ಭತ್ಯೆಯನ್ನೇ ಹಿಂದಿರುಗಿಸಬೇಕಾಗುತ್ತಿತ್ತು. ದೇಶದ ಅತ್ಯುನ್ನತ ಆಡಳಿತಾತ್ಮಕ ನ್ಯಾಯಪೀಠವೂ 2019ರ ಅಕ್ಟೋಬರ್‌ವರೆಗೆ ಈ ನಿಲುವನ್ನೇ ಎತ್ತಿಹಿಡಿಯಿತು.

2013ರಲ್ಲಿ, ಬಲ್ಗೇರಿಯಾದಿಂದ ಜನರನ್ನು ಕರೆತಂದು ಅವರ ಹೆಸರಿನಲ್ಲಿ ಭತ್ಯೆ ಪಡೆಯುತ್ತಿದ್ದ ವಂಚಕರ ಜಾಲವೊಂದು ಬಯಲಾಗಿ, ಸಂಸತ್ತು ಬಿಗಿ ಕ್ರಮಕ್ಕೆ ಒತ್ತಾಯಿಸಿತು. ತಾನೇ ಕಲಿಯುತ್ತ ಹೋಗುವ ಅಲ್ಗಾರಿದಮ್ (ಕಂಪ್ಯೂಟರ್ ಅನುಸರಿಸುವ ಲೆಕ್ಕಾಚಾರದ ಕ್ರಮ) ಒಂದು ಇಲಾಖೆಯಲ್ಲಿ ಬಳಕೆಗೆ ಬಂದದ್ದೂ ಅದೇ ವರ್ಷ. ಅದು ಅರ್ಜಿಗಳಲ್ಲಿ ತಪ್ಪು ಅಥವಾ ವಂಚನೆ ಇರುವ ಸಾಧ್ಯತೆಯನ್ನು ಅಂದಾಜಿಸಿ ಅಪಾಯದ ಅಂಕ ಕೊಡುತ್ತಿತ್ತು. ಅಂಕ ಹೆಚ್ಚಿದ ಅರ್ಜಿಗಳು ಅಧಿಕಾರಿಯ ಮೇಜಿಗೆ ಬರುತ್ತಿದ್ದವು. ಅರ್ಜಿದಾರರು ಡಚ್ ಪೌರರೇ ಅಲ್ಲವೇ ಎಂಬುದೂ ಅಂಕಕ್ಕೆ ಒಂದು ಆಧಾರವಾಗಿತ್ತು. ಕೊನೆಯ ನಿರ್ಧಾರ ಮನುಷ್ಯನದ್ದೇ ಆಗಿತ್ತು ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಅಂಕ ಏಕೆ ಹೆಚ್ಚಾಗಿದೆ ಎಂಬುದು ಆ ಅಧಿಕಾರಿಗೇ ತಿಳಿಯುತ್ತಿರಲಿಲ್ಲ. ಕಾರಣ ಗೊತ್ತಿಲ್ಲದವನು ಪರಿಶೀಲಿಸುವುದಾದರೂ ಏನನ್ನು? ಇಡೀ ಪ್ರಕರಣದ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ. ಯಂತ್ರ ಶಂಕೆಯನ್ನು ಹುಟ್ಟಿಸಿತು, ಕಾನೂನು ಆ ಶಂಕೆಯನ್ನು ಹತ್ತಾರು ಸಾವಿರ ಯೂರೊಗಳ ಸಾಲವಾಗಿ ಮಾಡಿತು, ಪ್ರಶ್ನಿಸಲು ಬಂದ ಪೋಷಕರಿಗೆ ಉತ್ತರ ಕೊಡಬಲ್ಲವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಎಚ್ಚರಿಕೆಗಳು ಬಂದಿರಲಿಲ್ಲವೆಂದಲ್ಲ. 2017ರಲ್ಲಿಯೇ ಸರ್ಕಾರದ ವಿರುದ್ಧ ನಾಗರಿಕರ ದೂರು ವಿಚಾರಿಸುವ ರಾಷ್ಟ್ರೀಯ ಓಂಬುಡ್ಸ್‌ಮನ್, ಇಲಾಖೆಯನ್ನು ಟೀಕಿಸಿ ವರದಿ ಕೊಟ್ಟಿದ್ದರು. ಪೋಷಕರಿಗೆ ಪರಿಹಾರ ಕೊಡಬೇಕೆಂದು ಇಲಾಖೆಯದೇ ಕಾನೂನು ತಜ್ಞೆಯೊಬ್ಬರು ಬರೆದ ಟಿಪ್ಪಣಿ ಮೂಲೆ ಸೇರಿತ್ತು. ಸಂಸದರಾದ ಪೀಟರ್ ಓಮ್ಟ್‌ಜಿಖ್ಟ್ ಮತ್ತು ರೆನ್ಸ್ಕೆ ಲೇಯ್ಟನ್ ಹಾಗೂ ಕೆಲವು ಪತ್ರಕರ್ತರು ಪಟ್ಟು ಬಿಡದೆ ದಾಖಲೆ ಕೇಳಿದ್ದರಿಂದ ವಿಷಯ ಹೊರಬಿತ್ತು. 2020ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು. 2021ರ ಜನವರಿ 15ರಂದು ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ ರಾಜೀನಾಮೆ ನೀಡಿತು. ಸಂತ್ರಸ್ತ ಪೋಷಕರಿಗೆ ತಲಾ 30,000 ಯೂರೊ ಪರಿಹಾರ ಘೋಷಣೆಯಾಯಿತು. ಆದರೆ ಈ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಆ ವರ್ಷಗಳಲ್ಲಿ ಮನೆಯಿಂದ ಬೇರ್ಪಟ್ಟು ಸರ್ಕಾರದ ಆರೈಕೆಗೆ ಹೋಗಿದ್ದರು. ಅದಕ್ಕೆ ಯಾವ ಮೊತ್ತ ಸಾಟಿಯಾದೀತು?

ಇದಕ್ಕೆ ಸಮಾನಾಂತರವಾಗಿ, ಬಡ ಬಡಾವಣೆಗಳ ನಿವಾಸಿಗಳ ಮಾಹಿತಿಯನ್ನು ಒಗ್ಗೂಡಿಸಿ ವಂಚನೆ ಹುಡುಕುತ್ತಿದ್ದ 'ಸೀರಿ' ಎಂಬ ವ್ಯವಸ್ಥೆಯನ್ನು ಹೇಗ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರುವರಿ 5ರಂದು ರದ್ದುಮಾಡಿತು. ಅದು ಹೇಗೆ ಕೆಲಸ ಮಾಡುತ್ತದೆಂದು ಪರಿಶೀಲಿಸಲು ಸಾಧ್ಯವಾಗದಿರುವುದೇ ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆಯೆಂಬ ತೀರ್ಮಾನಕ್ಕೆ ಮುಖ್ಯ ಆಧಾರವಾಯಿತು. 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಅಲ್ಗಾರಿದಮ್‌ಗಳ ಸಾರ್ವಜನಿಕ ನೋಂದಣಿ ಆರಂಭವಾಯಿತು. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಕಾಯ್ದೆಯು, ಸರ್ಕಾರಿ ನೆರವಿಗೆ ಅರ್ಹತೆ ಅಳೆಯುವ ಕೃತಕ ಬುದ್ಧಿಮತ್ತೆಯನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಹಂತ ಹಂತವಾಗಿ ಜಾರಿಯಾಗುವ ಕಟ್ಟುಪಾಡುಗಳನ್ನು ವಿಧಿಸಿದೆ.

ರಾಷ್ಟ್ರೀಯತೆಯ ಕಾಲಂ ಅಳಿಸಿದರೆ ತಾರತಮ್ಯ ಹೋಗುತ್ತದೆ ಎಂಬ ಭರವಸೆಯನ್ನು ಮಾತ್ರ ವಿದ್ಯಾರ್ಥಿವೇತನ ನೋಡಿಕೊಳ್ಳುವ 'ಡ್ಯೂಒ' ಸಂಸ್ಥೆಯ ಪ್ರಕರಣ ಸುಳ್ಳಾಗಿಸಿತು. ಮನೆಯಿಂದ ದೂರವಿದ್ದು ಓದುವವರ ಅನುದಾನದಲ್ಲಿ ವಂಚನೆ ಹುಡುಕಲು ಅದು ಬಳಸಿದ್ದು ಕೃತಕ ಬುದ್ಧಿಮತ್ತೆಯನ್ನೂ ಅಲ್ಲ, ವಯಸ್ಸು, ಶಿಕ್ಷಣದ ಬಗೆ ಮತ್ತು ತಂದೆತಾಯಿಯ ಮನೆಗಿರುವ ದೂರವೆಂಬ ಸರಳ ಅಳತೆಗಳನ್ನು. ಆದರೂ ತಪಾಸಣೆಗೆ ಸಿಕ್ಕವರಲ್ಲಿ ವಲಸೆ ಹಿನ್ನೆಲೆಯವರ ಪ್ರಮಾಣ ಹೆಚ್ಚಿತ್ತು. 2024ರ ಮಾರ್ಚ್‌ನಲ್ಲಿ ಸಚಿವರು ಕ್ಷಮೆ ಕೋರಿದರು. ನವೆಂಬರ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗಾಗಿ 6.1 ಕೋಟಿ ಯೂರೊ ತೆಗೆದಿರಿಸಲಾಯಿತು.