ಟೈಟರ್ ಏರಿತೋ, ದ್ರಾವಣ ಬದಲಾಯಿತೋ?

ಆರ್‌ಎಚ್ ನೆಗೆಟಿವ್ ಗರ್ಭಿಣಿಯೊಬ್ಬರ ಆಂಟಿ-ಡಿ ಟೈಟರ್ (ಮಗುವಿನ ಕೆಂಪು ಕಣಗಳಿಗೆ ಹಾನಿ ಮಾಡಬಲ್ಲ ಪ್ರತಿಕಾಯವು, ತಾಯಿಯ ಸೀರಮ್ಮನ್ನು ಎಷ್ಟು ಪಟ್ಟು ತೆಳುಗೊಳಿಸಿದರೂ ಕಾಣುತ್ತದೆ ಎಂಬ ಸಂಖ್ಯೆ) ಒಂದೇ ತಿಂಗಳಲ್ಲಿ 16ರಿಂದ 64ಕ್ಕೆ ಏರಿದೆ ಎಂಬ ವರದಿ ಬಂದರೆ ಪ್ರಸೂತಿ ತಜ್ಞರಿಗೆ ಗಾಬರಿಯಾಗುವುದು ಸಹಜ. ರಕ್ತನಿಧಿಯವನಾದ ನಾನು ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ಎರಡೂ ಸಲ ಕೆಂಪು ಕಣಗಳನ್ನು ಯಾವ ದ್ರಾವಣದಲ್ಲಿ ಕದಡಿದ್ದರು? ಮೊದಲನೆಯದು ಸಲೈನ್ (ಉಪ್ಪುನೀರು) ಬಳಸಿದ ನಳಿಕೆಯ ಪರೀಕ್ಷೆ, ಎರಡನೆಯದು ಲಿಸ್ (ಲವಣ ಕಡಿಮೆ ಇರುವ ದ್ರಾವಣ) ಬಳಸಿದ, ಜೆಲ್ ತುಂಬಿದ ಕಿರುನಳಿಕೆಗಳ ಜೆಲ್ ಕಾರ್ಡ್ ಆಗಿದ್ದರೆ, ಆ ಏರಿಕೆಗೂ ಮಗುವಿಗೂ ಸಂಬಂಧವೇ ಇಲ್ಲದಿರಬಹುದು. ಜೆಲ್‌ನಲ್ಲಿ ಟೈಟರ್ ಒಂದೆರಡು ಮೆಟ್ಟಿಲು (ಒಂದು ಮೆಟ್ಟಿಲೆಂದರೆ ಇಮ್ಮಡಿ) ಮೇಲೆ ನಿಲ್ಲುವುದು ಸಾಮಾನ್ಯ. ಒಮ್ಮೆ ಸೇರಿನಲ್ಲಿ, ಇನ್ನೊಮ್ಮೆ ಪಾವಿನಲ್ಲಿ ಅಳೆದು ಅಕ್ಕಿ ಹೆಚ್ಚಾಯಿತೆಂದು ಹಿಗ್ಗಿದ ಹಾಗೆ.

ಟೈಟ್ರೇಷನ್‌ನಲ್ಲಿ ದ್ರಾವಣದ ಆಯ್ಕೆ ಎರಡು ಕಡೆ ಬರುತ್ತದೆ. ಹೊಸಬರು ಇವೆರಡನ್ನು ಒಂದೇ ಎಂದುಕೊಳ್ಳುತ್ತಾರೆ. ಸೀರಮ್ಮನ್ನು 1:2, 1:4, 1:8 ಎಂದು ತೆಳುಗೊಳಿಸುವ ದ್ರವ ಒಂದು, ಕೆಂಪು ಕಣಗಳನ್ನು ತೇಲಿಸುವ ದ್ರವ ಇನ್ನೊಂದು. ಮೊದಲನೆಯದಕ್ಕೆ ಸಲೈನ್ ಸಾಕು. ಕೊನೆಯ ನಳಿಕೆಗಳಲ್ಲಿ ಪ್ರೋಟೀನ್ ಬಹುತೇಕ ಇಲ್ಲವಾಗುವುದರಿಂದ ಕೆಲವರು ಅದಕ್ಕೆ ಆಲ್ಬುಮಿನ್ ಬೆರೆಸುತ್ತಾರೆ. ಆ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ತೊಂದರೆ ಹುಟ್ಟುವುದು ಕಣಗಳ ಕಡೆಯಿಂದ.

ಸಾಮಾನ್ಯ ಸಲೈನ್‌ನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಕಣದ ಸುತ್ತ ದಟ್ಟವಾಗಿ ನೆರೆದು ಪ್ರತಿಕಾಯ ಹತ್ತಿರ ಸುಳಿಯದಂತೆ ಅಡ್ಡಿ ಮಾಡುತ್ತವೆ. ಲಿಸ್‌ನಲ್ಲಿ ಲವಣ ಕಡಿಮೆ, ಸುಮಾರು 0.03 ಮೋಲಾರ್ ಮಾತ್ರ. ಕಣ ಒಡೆಯದಂತೆ ಕಾಯುವ ಕೆಲಸವನ್ನು ಗ್ಲೈಸಿನ್ ವಹಿಸಿಕೊಳ್ಳುತ್ತದೆ. ಅಯಾನುಗಳ ಗುಂಪು ತೆಳುವಾದಷ್ಟೂ ಪ್ರತಿಕಾಯ ಬೇಗ ಅಂಟಿಕೊಳ್ಳುತ್ತದೆ. ಸಲೈನ್‌ನಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕಾದ ಕೆಲಸ ಲಿಸ್‌ನಲ್ಲಿ 10–15 ನಿಮಿಷಕ್ಕೆ ಮುಗಿಯುತ್ತದೆ. ತುರ್ತು ಕ್ರಾಸ್‌ಮ್ಯಾಚ್‌ಗೆ, ಅಂದರೆ ರಕ್ತ ಕೊಡುವ ಮುಂಚಿನ ಹೊಂದಾಣಿಕೆ ಪರೀಕ್ಷೆಗೆ, ಇದು ವರವೇ. ಆದರೆ ಟೈಟರ್ ತುರ್ತಿನ ಪರೀಕ್ಷೆಯಲ್ಲ, ಹಿಂದಿನ ತಿಂಗಳಿನೊಂದಿಗೆ ಹೋಲಿಸಿ ನೋಡುವ ಪರೀಕ್ಷೆ.

ಲಿಸ್ ಬಳಸುವವರು ಎಡವುವ ಇನ್ನೊಂದು ಜಾಗವಿದೆ. ಸಲೈನ್ ಪದ್ಧತಿಯಲ್ಲಿ ಎರಡು ಹನಿ ಸೀರಮ್‌ಗೆ ಒಂದು ಹನಿ ಕಣ ಹಾಕುವುದು ರೂಢಿ. ಲಿಸ್‌ನಲ್ಲಿ ಕದಡಿದ ಕಣಗಳಿಗೆ ಸಮಪ್ರಮಾಣವೇ ಬೇಕು: ಎರಡು ಹನಿ ಸೀರಮ್, ಎರಡು ಹನಿ ಕಣ. ಕೈಗೆ ಹತ್ತಿದ ಅಭ್ಯಾಸದಿಂದ ಒಂದೇ ಹನಿ ಹಾಕಿದರೆ ಸೀರಮ್ಮಿನ ಲವಣವೇ ಮೇಲುಗೈಯಾಗಿ, ಲಿಸ್‌ನ ಬಹುಪಾಲು ಲಾಭ ಕೈತಪ್ಪುತ್ತದೆ. ಆಗ ಸಿಗುವ ಸಂಖ್ಯೆ ಸಲೈನ್‌ದೂ ಅಲ್ಲ, ಲಿಸ್‌ದೂ ಅಲ್ಲ.

ಹಾಗೆಂದು ಸಲೈನ್ ಎಂದರೆ ಕಪಾಟಿನಲ್ಲಿರುವ ಯಾವುದೋ ಕ್ಯಾನ್ ಎಂದಲ್ಲ. ಪಿಎಚ್ ಹಿಡಿದಿಡುವ ಬಫರ್ ಇಲ್ಲದ ಸಲೈನ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲೀಯವಾಗುತ್ತದೆ, ಪಿಎಚ್ 6ಕ್ಕಿಂತ ಕೆಳಗೂ ಇಳಿಯಬಹುದು. ದುರ್ಬಲವಾಗಿ ಅಂಟುವ ಆಂಟಿ-ಡಿ ಅಲ್ಲಿ ಕಾಣದೇ ಹೋಗಬಹುದು. ಅದಕ್ಕೇ ನಳಿಕೆಯ ಟೈಟ್ರೇಷನ್‌ಗೆ ನಾನು ಆರಿಸುವುದು ಪಿಎಚ್ 7.2ರ ಆಸುಪಾಸಿನ ಫಾಸ್ಫೇಟ್ ಬಫರ್ ಸಲೈನ್. ಕಣಕ್ಕೆ ಅಂಟಿದ ಪ್ರತಿಕಾಯವನ್ನು ಕಾಣಿಸುವ ಕೂಂಬ್ಸ್ ಹಂತದ ತೊಳೆತಕ್ಕೂ ಅದೇ. ಜೆಲ್ ಕಾರ್ಡ್ ಆದರೆ ಚರ್ಚೆಯೇ ಬೇಡ. ಸುಮಾರು 0.8 ಶೇಕಡಾ ಕಣಗಳನ್ನು ತಯಾರಕರು ಹೇಳಿದ ದ್ರಾವಣದಲ್ಲೇ ಕದಡಬೇಕು. ಉಳಿತಾಯದ ನೆಪದಲ್ಲಿ ಅಲ್ಲಿ ಸಲೈನ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ, ಆ ಕಾರ್ಡಿನ ಪ್ರಮಾಣ, ಸಮಯ, ಸೆಂಟ್ರಿಫ್ಯೂಜಿನ ಸುತ್ತು ಎಲ್ಲವೂ ಲಿಸ್‌ಗೆಂದೇ ಹೊಂದಿಸಿದವು.

ದ್ರಾವಣ ಸರಿಯಿದ್ದರೂ ಕಣಗಳ ಸಾಂದ್ರತೆ ಲೆಕ್ಕ ಕೆಡಿಸಬಲ್ಲದು. 2 ಶೇಕಡಾ ಬದಲು 5 ಶೇಕಡಾ ಸಸ್ಪೆನ್ಷನ್ ಹಾಕಿದರೆ ಅಷ್ಟೇ ಪ್ರತಿಕಾಯ ಹೆಚ್ಚು ಪ್ರತಿಜನಕಗಳಿಗೆ (ಕಣದ ಮೇಲೆ ಪ್ರತಿಕಾಯ ಅಂಟುವ ಗುರುತುಗಳಿಗೆ) ಹಂಚಿಹೋಗಿ ಟೈಟರ್ ಕೆಳಗೆ ಬರುತ್ತದೆ. ಕಣಗಳ ಆರ್‌ಎಚ್ ಜಾತಿಯೂ ಅಷ್ಟೇ: ಆರ್2ಆರ್2 (R2R2) ಕಣದ ಮೇಲೆ ಡಿ ಪ್ರತಿಜನಕ ಹೆಚ್ಚು, ಆರ್1ಆರ್ (R1r) ಕಣದ ಮೇಲೆ ಕಡಿಮೆ. ಕಣ್ಣಳತೆಯಲ್ಲಿ ಸಸ್ಪೆನ್ಷನ್ ಮಾಡುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಪ್ರಯೋಗಾಲಯ ನಳಿಕೆಯಿಂದ ಜೆಲ್‌ಗೆ ಬದಲಾಗಲೇಬೇಕಾದರೆ ಗರ್ಭಾವಧಿಯ ನಡುವೆ ಸದ್ದಿಲ್ಲದೆ ಬದಲಾಗಬಾರದು. ಆ ತಾಯಿಯ ಹಿಂದಿನ ಸೀರಮ್ಮನ್ನು ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಕಾದಿರಿಸಿ, ಹೊಸ ಮಾದರಿಯೊಂದಿಗೆ ಒಂದೇ ದಿನ, ಒಂದೇ ಕಣ, ಒಂದೇ ದ್ರಾವಣದಲ್ಲಿ ನಡೆಸಬೇಕು. ಹಾಗೆ ನಡೆಸಿದಾಗಲೂ ಎರಡು ನಳಿಕೆಗಳ (ಎರಡು ಮೆಟ್ಟಿಲಿನ) ವ್ಯತ್ಯಾಸ ಉಳಿದರೆ ಮಾತ್ರ ಏರಿಕೆ ನಿಜ. ಒಂದು ನಳಿಕೆಯ ಅಂತರ ಪಿಪೆಟ್ಟಿನದಾಗಿರಬಹುದು. ಅನೇಕ ಕೇಂದ್ರಗಳು 16 ಅಥವಾ 32ನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡು ಅಲ್ಲಿಂದ ಮುಂದೆ ಮಗುವಿಗೆ ರಕ್ತಹೀನತೆ ಇದೆಯೇ ಎಂದು ನೋಡಲು ಅದರ ಮೆದುಳಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್‌ಗೆ ಹೋಗುತ್ತವೆ. ಆ ಗೆರೆ ಹೆಚ್ಚಾಗಿ ನಳಿಕೆಯ ಪದ್ಧತಿಯ ಅನುಭವದಿಂದ ಬಂದದ್ದು. ಜೆಲ್‌ನ 32ನ್ನು ನೇರವಾಗಿ ಅದರ ಪಕ್ಕ ನಿಲ್ಲಿಸಲಾಗದು. ಆದ್ದರಿಂದ ನಮ್ಮ ವರದಿಯಲ್ಲಿ ಸಂಖ್ಯೆಯ ಕೆಳಗೆ ಪದ್ಧತಿ, ಕಣದ ಬಗೆ, ದ್ರಾವಣ ಮೂರನ್ನೂ ಬರೆಯುತ್ತೇವೆ. ಮುಂದಿನ ಪರೀಕ್ಷೆ ಬೇರೆ ಊರಿನಲ್ಲಿ ನಡೆದರೆ, ಅಲ್ಲಿನವರು ಮೊದಲು ಓದಬೇಕಾದುದು ಆ ಮೂರು ಸಾಲುಗಳನ್ನು.