ಶಿಲುಬೆ ಯಾರದು? ತೆರೆಯ ಮೇಲಿನ ಒಂದು ಹಳೇ ಜಗಳ

ಸಿನಿಮಾ ಬಿಟ್ಟ ಮೇಲೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಿದ್ದೆವು. ನಾಲ್ಕು ಜನ. ಒಬ್ಬನಿಗೆ ಸಿಟ್ಟು ಬಂದಿತ್ತು. 'ವಿಲನ್ ಕೊರಳಿಗೆ ಶಿಲುಬಿ ಯಾಕ ಹಾಕ್ಯಾರ?' ಇನ್ನೊಬ್ಬ ತಿರುಗಿಬಿದ್ದ. 'ಹೀರೋ ಸಾಯೂದು ನೋಡಲಿಲ್ಲೇನು? ಎರಡೂ ಕೈ ಚಾಚಿ ಬಿದ್ದಾನ. ಥೇಟ್ ಏಸು!' ನಾನು ಫೋನ್ ತೆಗೆದೆ. ಆಗಲೇ ಅದರ ಮೇಲೆ ಏಳೆಂಟು ವಿಡಿಯೋ ಬಂದಿದ್ದವು. ಒಂದರಲ್ಲಿ ಅವಮಾನ ಅಂತಿತ್ತು, ಇನ್ನೊಂದರಲ್ಲಿ ಮತಪ್ರಚಾರ ಅಂತಿತ್ತು. ನಮ್ಮಲ್ಲಿ ಕ್ರಿಶ್ಚಿಯನ್ ಅಂದರೆ ಮಿಶನ್ ಕಂಪೌಂಡಿನ ಗೆಳೆಯ ಒಬ್ಬನೇ. ಅವನು ಸುಮ್ನೆ ಚಹಾ ಕುಡಿಯುತ್ತಿದ್ದ.

ಸಿನಿಮಾದ ಹೆಸರು ಬೇಡ. ಇಂಥವು ಬರುತ್ತಲೇ ಇರುತ್ತವೆ, ಜಗಳವೂ ಅದೇ ಇರುತ್ತೆ. ಆದರೆ ಒಂದೇ ಗುರುತು ಕೆಟ್ಟವನಿಗೂ ಒಳ್ಳೆಯವನಿಗೂ ಹೇಗೆ ಬಂತು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಹಿಂದೆ ಅಂದರೆ ಸಿನಿಮಾ ಹುಟ್ಟಿದ ಹೊತ್ತಿಗೇ. 1897ರ ಸುಮಾರಿಗೇ ಏಸುವಿನ ಕಥೆ ತೆರೆಗೆ ಬಂದಿತ್ತು. 1910ರ ಆಸುಪಾಸು ಮುಂಬೈಯಲ್ಲಿ ಅಂಥದೊಂದು ಚಿತ್ರ ನೋಡುತ್ತ ಕೂತ ದಾದಾಸಾಹೇಬ್ ಫಾಲ್ಕೆಯವರಿಗೆ ಮನಸ್ಸಿನಲ್ಲಿ ಕಂಡಿದ್ದು ಕೃಷ್ಣ, ರಾಮ. ಇದನ್ನು ಆಮೇಲೆ ಅವರೇ ಬರೆದಿದ್ದಾರೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು. ಸತ್ಯಕ್ಕಾಗಿ ಎಲ್ಲ ಕಳೆದುಕೊಂಡು ನೋಯುವವನು ನಮ್ಮ ತೆರೆಯ ಮೊದಲ ಒಳ್ಳೆಯವನಾದ. ಅವನ ಬೆನ್ನ ಹಿಂದೆ ಒಂದು ಶಿಲುಬೆಯ ನೆರಳಿದೆ ಅಂದರೆ ಜಾಸ್ತಿ ಆಯ್ತು ಅನ್ನಬಹುದು, ಆದರೆ ಪೂರ್ತಿ ಸುಳ್ಳೂ ಅಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ 1930ರಲ್ಲಿ ಸಿನಿಮಾಕ್ಕೇ ಒಂದು ನೀತಿಸಂಹಿತೆ ಬರೆದರು, 1934ರಿಂದ ಬಿಗಿಯಾಗಿ ನಡೆಸಿದರು. ಬರೆದವರಲ್ಲಿ ಒಬ್ಬರು ಜೆಸ್ಯೂಟ್ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿ. ಪ್ರೇಕ್ಷಕರಿಗೆ ಕೆಡುಕಿನ ಮೇಲೆ ಕನಿಕರ ಹುಟ್ಟಬಾರದು, ಧರ್ಮಗುರುಗಳನ್ನು ವಿಲನ್ ಮಾಡಬಾರದು, ಕೋಡಂಗಿಯನ್ನೂ ಮಾಡಬಾರದು. ಹೀಗೆ ಬಾಗಿಲು ಮುಚ್ಚಿದ ಮೇಲೆ ಸಂಕೇತಗಳು ಕಿಟಕಿಯಿಂದ ಬಂದವು. ನಿಜಕ್ಕೂ ಕಿಟಕಿಯಿಂದಲೇ: ಚೌಕಟ್ಟಿನ ಅಡ್ಡಪಟ್ಟಿಯ ನೆರಳು ಗೋಡೆ ಮೇಲೆ ಶಿಲುಬೆಯ ಹಾಗೆ ಬೀಳಿಸೋದು, ತಲೆಯ ಹಿಂದಿನಿಂದ ಲೈಟ್ ಬಿಟ್ಟು ಪ್ರಭೆ ತರೋದು. 1955ರ 'ದಿ ನೈಟ್ ಆಫ್ ದಿ ಹಂಟರ್' ಚಿತ್ರದಲ್ಲಂತೂ ಕೊಲೆಗಾರನೇ ಸ್ವಯಂಘೋಷಿತ ಬೋಧಕ. ಅವನ ಬಲಗೈ ಬೆರಳುಗಳ ಮೇಲೆ ಒಂದೊಂದೇ ಅಕ್ಷರವಾಗಿ 'ಲವ್' ಅಂತ ಹಚ್ಚೆ, ಎಡಗೈ ಮೇಲೆ 'ಹೇಟ್'. ಎರಡೂ ಕೈ ಹೆಣೆದು ಅವನು ಒಳಿತು ಕೆಡುಕಿನ ಕುಸ್ತಿ ಆಡಿ ತೋರಿಸುತ್ತಾನೆ. ನೋಡುವವರಿಗೆ ನಗು ಬರಬೇಕು, ಬರೋದು ಭಯ.

ನಮ್ಮ ಕಡೆ ಗುರುತು ಹಿಡಿಯೋದು ಇಷ್ಟು ಕಷ್ಟ ಇರಲಿಲ್ಲ. ದೊಡ್ಡಾಟದ ರಾಕ್ಷಸ ಆರ್ಭಟ ಹಾಕುತ್ತಲೇ ಬರುತ್ತಾನೆ. ಅವನು ಬಾಯಿ ಬಿಡುವ ಮೊದಲೇ ಮಕ್ಕಳು ಅವ್ವನ ಸೆರಗು ಹಿಡಿದಿರುತ್ತಾರೆ. ಸಿನಿಮಾ ಕೋಟು ಬೂಟು ಹಾಕಿದಾಗ ಆ ವೇಷ ಹೋಯಿತು. ಕೆಟ್ಟವನನ್ನು ಎರಡೇ ನಿಮಿಷದಲ್ಲಿ ತೋರಿಸೋದು ಹೇಗೆ? ಮುಂಬೈ ಸಿನಿಮಾ ಒಂದು ಸುಲಭದ ದಾರಿ ಹಿಡಿಯಿತು. ಅವನ ಹೆಸರು ರಾಬರ್ಟ್ ಆಯಿತು, ಅವನ ಅಡ್ಡೆಯಲ್ಲಿ ಕುಣಿಯುವವಳು ಲಿಲ್ಲಿ.

ಇದಕ್ಕೆ ಕಾರಣಗಳಿದ್ದವು. 1949ರ ಪಾನನಿಷೇಧ ಕಾಯ್ದೆ ಬಂದ ಮೇಲೆ ಮುಂಬೈಯಲ್ಲಿ ಕುಡಿಯಬೇಕು ಅನ್ನುವವರು ಕಳ್ಳ ಅಡ್ಡೆಗಳಿಗೇ ಹೋಗಬೇಕಿತ್ತು. ಅವುಗಳಲ್ಲಿ ಕೆಲವನ್ನು ಕ್ರಿಶ್ಚಿಯನ್ ಹೆಂಗಸರು ಮನೆಯಲ್ಲೇ ನಡೆಸುತ್ತಿದ್ದರು. 'ಆಂಟಿ' ಅಂತಲೇ ಅವುಗಳ ಹೆಸರು. ಕಥೆ ಬರೆಯುವವರೂ ಅಲ್ಲಿಗೇ ಹೋಗುತ್ತಿದ್ದರು, ಅಲ್ಲಿ ಕಂಡಿದ್ದನ್ನೇ ಬರೆದರು ಅಂತ ಕಾಣುತ್ತೆ. ಅದೇ ಕಾಯ್ದೆ ನಮಗೂ ಇತ್ತು. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲೇ ಇತ್ತಲ್ಲ. ಆಗ ಗದಗ, ಹಾವೇರಿಯೂ ಅದರೊಳಗೇ. ಆದರೆ ಇಲ್ಲಿ ಕಳ್ಳಭಟ್ಟಿ ಇಳಿಸುವವರಿಗೆ ಯಾವ ಜಾತಿ ಧರ್ಮವೂ ಇರಲಿಲ್ಲ. ಅದನ್ನು ಯಾರೂ ಸಿನಿಮಾ ಮಾಡಲಿಲ್ಲ, ಅಷ್ಟೇ.

ನಮ್ಮ ಕಡೆಯವರು ಕಂಡ ಕ್ರಿಶ್ಚಿಯನ್ನರೇ ಬೇರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಕ್ರಿಶ್ಚಿಯನ್ ಅಂದರೆ ನಮಗೆ ಲೆಕ್ಕ ಹೇಳಿಕೊಟ್ಟ ಟೀಚರ್, ಬೆಟಗೇರಿಯ ಜರ್ಮನ್ ದವಾಖಾನೆಯ ನರ್ಸ್, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬೆಳಗ್ಗೆ ಇವರನ್ನು ನೋಡಿ ಸಂಜೆ ಥಿಯೇಟರಿನಲ್ಲಿ ರಾಬರ್ಟನನ್ನು ನೋಡುತ್ತಿದ್ದೆವು. ಎರಡೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಕೂಡಿಸಿ ನೋಡಬೇಕು ಅಂತ ನಮಗೂ ಅನಿಸಲಿಲ್ಲ, ಅದು ಬೇರೆ ಮಾತು.

ಇದರಲ್ಲಿ ನನಗೆ ತಮಾಷೆ ಅನಿಸೋದು ಆ ಪೆಟ್ಟಿಗೆ. ಯಾವ ಸಿನಿಮಾದಲ್ಲಿ ಚರ್ಚ್ ಬಂದರೂ ಪಾಪನಿವೇದನೆಯ ಪೆಟ್ಟಿಗೆ ಬರಲೇಬೇಕು. ಒಂದು ಕಡೆ ಜಾಳಿಗೆ, ಆ ಕಡೆ ಬಿಳಿ ಗಡ್ಡದ ಫಾದರ್, ಈ ಕಡೆ ಅಳುವ ಹೀರೋ. ಮಿಶನ್ ಕಂಪೌಂಡಿನ ಗೆಳೆಯ ಹೈಸ್ಕೂಲಿನಲ್ಲಿದ್ದಾಗಲೇ ಇದಕ್ಕೆ ನಗುತ್ತಿದ್ದ. ಅವರದು ಪ್ರೊಟೆಸ್ಟೆಂಟ್ ಸಭೆ. ಅಲ್ಲಿ ಫಾದರ್ ಇಲ್ಲ, ಸಭಾಪಾಲಕರು ಇದ್ದಾರೆ. ಅವರಿಗೆ ಹೆಂಡತಿ ಮಕ್ಕಳು ಇರುತ್ತಾರೆ. ಮೇರಿಯ ಮೂರ್ತಿ ಇಲ್ಲ, ಪೆಟ್ಟಿಗೆಯಂತೂ ಇಲ್ಲವೇ ಇಲ್ಲ. 'ನಾನು ಪಾಪ ಮಾಡಿದರ ಎಲ್ಲಿ ಹೋಗಿ ಕುಂಡ್ರಲಿ?' ಅಂತ ಕೇಳುತ್ತಿದ್ದ. ಸಿನಿಮಾಕ್ಕೆ ಬೇಕಾಗಿದ್ದು ಕ್ಯಾಥೊಲಿಕ್ ಸಾಮಾನು: ಮೇಣದಬತ್ತಿ, ಬಣ್ಣದ ಗಾಜು, ನಿಲುವಂಗಿ. ಕ್ಯಾಮೆರಾಕ್ಕೆ ಅವೇ ಚಂದ. ಪಾಪ ಅನ್ನೋದನ್ನು ಕಣ್ಣಿಗೆ ಕಾಣಿಸಬೇಕಲ್ವಾ?

70ರ ದಶಕದಲ್ಲಿ ಗಾಳಿ ಸ್ವಲ್ಪ ತಿರುಗಿತು. 1972ರ 'ನಾಗರಹಾವು' ಚಿತ್ರದ ಮಾರ್ಗರೆಟ್ ಕ್ರಿಶ್ಚಿಯನ್ ಹುಡುಗಿ. ಅವಳ ಹೆಸರು ಯಾವ ಕೆಟ್ಟತನದ ಗುರುತೂ ಅಲ್ಲ. ಅಲ್ಲಿ ಕೆಡುಕು ಎಲ್ಲಿದೆ ಅಂತ ಬೆರಳು ಇಡೋಕೇ ಆಗಲ್ಲ. ರಾಮಾಚಾರಿಗೆ ಅಡ್ಡ ಬರುವವರು ಅವನು ಪ್ರಾಣದಂತೆ ನಂಬಿದ ಚಾಮಯ್ಯ ಮೇಷ್ಟ್ರೇ. 1977ರಲ್ಲಿ ಹಿಂದಿಯ 'ಅಮರ್ ಅಕ್ಬರ್ ಆಂಥೊನಿ' ಚಿತ್ರದ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಆಂಥೊನಿಯಾದ. ಇಲ್ಲಿಯ ಹುಡುಗರು ಅವನ ಹಾಗೆ ಕ್ರಾಪು ಬಿಟ್ಟರು. ಮರುವರ್ಷ ತೆಲುಗಿನಲ್ಲಿ ಏಸುವಿನ ಕಥೆಯೇ 'ಕರುಣಾಮಯುಡು' ಆಗಿ ಬಂತು. ಆಮೇಲೆ ಹಲವು ಭಾಷೆಗೆ ಡಬ್ ಆಗಿ ಊರೂರು ತಿರುಗಿತು.

ಅಂಥದೊಂದು ಪ್ರದರ್ಶನ ಗದಗ ಸೀಮೆಯ ನಮ್ಮೂರಿಗೂ ಬಂದಿತ್ತು. ಶಾಲೆಯ ಮುಂದೆ ಎರಡು ಗಳ ನೆಟ್ಟು ಬಿಳಿ ಪರದೆ ಕಟ್ಟಿದ್ದರು. ಗಾಳಿಗೆ ಪರದೆ ಉಬ್ಬಿದಾಗೆಲ್ಲ ಏಸುವಿನ ಮುಖ ಅಗಲ ಆಗುತ್ತಿತ್ತು. ಹುಡುಗರು ನಗುತ್ತಿದ್ದೆವು. ಚಾವಟಿ ಏಟಿನ ದೃಶ್ಯ ಬಂದಾಗ ನಗು ನಿಂತಿತು. ಪಕ್ಕದಲ್ಲಿ ಕೂತ ನಮ್ಮ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, 'ಪುಣ್ಯಕೋಟಿ ಹಂಗ ತಾನಾಗೇ ಹೋದ ನೋಡ' ಅಂದಳು. ಆ ಹೊತ್ತಿಗೆ ಅವಳಿಗೆ ಅದು ಯಾರ ಧರ್ಮದ ಕಥೆಯೂ ಆಗಿರಲಿಲ್ಲ. ಶಿಲುಬೆಯನ್ನು ಇಷ್ಟು ಸರಿಯಾಗಿ ಓದಿದ ವಿಮರ್ಶೆಯನ್ನು ನಾನು ಆಮೇಲೆ ನೋಡಿಲ್ಲ.

ಅಲ್ಲಿಂದ ಇಲ್ಲಿಗೆ ಬರೋದು ಸಲೀಸು. ಟಿವಿ ಬಂತು, ಮೊಬೈಲ್ ಬಂತು, 1999ರ 'ಮೇಟ್ರಿಕ್ಸ್' ಚಿತ್ರದ ನಾಯಕ ಸತ್ತು ಎದ್ದ. ಅಂಥ ಸಿನಿಮಾ ನೋಡಿ ಬೆಳೆದವರು ನಮ್ಮಲ್ಲೂ ನಿರ್ದೇಶಕರಾದರು. ಈಗ ಮಳೆಯಲ್ಲಿ ಹೀರೋ ಕೈ ಚಾಚಿ ಬೀಳೋದು, ಕ್ಯಾಮೆರಾ ಮೇಲಿನಿಂದ ಇಳಿಯೋದು ರೂಢಿಯೇ ಆಗಿದೆ. ಅದೆಲ್ಲ ಏಸು ಅಂದರೆ ಕಷ್ಟ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಮಲಗುವ ನಮ್ಮ ಕಾಕಾನೂ ಅದೇ ಆಕಾರದಲ್ಲಿರುತ್ತಾನೆ. ಇನ್ನು ಕಾನೂನು ಅಂದರೆ, 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕೆಳಗೆ 1991ರಲ್ಲಿ ಹೊರಡಿಸಿದ ಸೆನ್ಸಾರ್ ಮಾರ್ಗಸೂಚಿ ಇದೆ. ಯಾವ ಧರ್ಮದವರನ್ನೂ ತುಚ್ಛವಾಗಿ ಕಾಣುವ ದೃಶ್ಯ, ಮಾತು ಇರಬಾರದು ಅನ್ನುತ್ತೆ. ಹೆಸರು ರಾಬರ್ಟ್ ಅಂತ ಇಡೋದು, ಕೊರಳಿಗೊಂದು ಚೈನ್ ಹಾಕೋದು ತುಚ್ಛವೋ, ಬರೀ ಸೋಮಾರಿತನವೋ? ಸೋಮಾರಿತನಕ್ಕೆ ಸೆನ್ಸಾರ್ ಇಲ್ಲ.

ಅವತ್ತು ಅಂಗಡಿಯವನು ಪ್ಲೇಟು ಎತ್ತುವವರೆಗೂ ಜಗಳ ನಡೆಯಿತು. ಕೊನೆಗೆ ಗೆಳೆಯನನ್ನೇ ಕೇಳಿದೆವು. ಅವನು ಚಹಾದ ಕಪ್ಪು ಕೆಳಗಿಟ್ಟ.

'ವಿಲನ್‌ನ ಶಿಲುಬಿ ಸರಿಯಾಗಿ ನೋಡೀರೇನು? ಅದರಾಗ ಏಸು ಅದಾನ. ನಮ್ಮ ಚರ್ಚಿನ ಶಿಲುಬಿ ಖಾಲಿ ಇರ್ತೈತಿ. ಅವ ಎದ್ದು ಹೋಗ್ಯಾನ, ಅದಕ್ಕ ಖಾಲಿ ಅಂತ ನಮ್ಮ ಅಜ್ಜಿ ಹೇಳ್ತಿದ್ದಳು.'

'ಹಂಗಾರ ಅದು ನಿಮ್ಮದಲ್ಲ ಅಂತೀಯೇನು?'

'ನಮ್ದೂ ಅಲ್ಲ, ವಿಲನ್‌ದೂ ಅಲ್ಲ. ಶೂಟಿಂಗ್ ಮುಗಿದ ಮ್ಯಾಲೆ ಪ್ರಾಪರ್ಟಿಯವರು ಡಬ್ಬ್ಯಾಗ ಹಾಕ್ಕೊಂಡು ಹೋಗಿರ್ತಾರ ಲೇ.'