ಜಾಝ್ ಸಂಗೀತವನ್ನು ಫ್ರಾನ್ಸಿಗೆ ಕೊಂಡೊಯ್ದವರು ಸೈನಿಕರೇ?

ಪ್ರಶ್ನೆ: ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಪ್ಪು ಸೈನಿಕರ ಬ್ಯಾಂಡೊಂದು ಫ್ರೆಂಚರಿಗೆ ಜಾಝ್ ಪರಿಚಯಿಸಿತು ಎಂದು ಹಲವೆಡೆ ಓದಿದ್ದೇನೆ. ಇದು ನಿಜವೇ? ಅದರ ನಾಯಕರು ಯುದ್ಧವನ್ನೂ ಮಾಡಿದ್ದರೇ?

ಉತ್ತರ: ಬಹುಮಟ್ಟಿಗೆ ನಿಜ, ಆದರೆ ಒಂದು ತಿದ್ದುಪಡಿ ಬೇಕು. ಜಾಝ್‌ಗಿಂತ ಮೊದಲೇ ಕಪ್ಪು ಅಮೆರಿಕನ್ನರಲ್ಲಿ ಹುಟ್ಟಿದ ಸಂಗೀತ ಶೈಲಿಯಾದ ರ‍್ಯಾಗ್‌ಟೈಮ್ ಫ್ರೆಂಚರಿಗೆ ಹೊಸದಾಗಿರಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಮೆರಿಕದ ಜಾನ್ ಫಿಲಿಪ್ ಸೂಸಾ ಅವರ ಬ್ಯಾಂಡ್ ಅದನ್ನು ನುಡಿಸಿತ್ತು. ಆದರೂ 1918ರಲ್ಲಿ ಫ್ರಾನ್ಸಿನ ಊರೂರು ಸುತ್ತಿ, ತಾಳದ ನೇರ ಪೆಟ್ಟಿನ ಆಚೀಚೆ ಒತ್ತು ಬೀಳುವ ಈ ಹೊಸ ನಡೆಯನ್ನು ಸಾಮಾನ್ಯ ಜನರ ಕಿವಿಗೆ ಮುಟ್ಟಿಸಿದ ಹಿರಿಮೆ 369ನೇ ಪದಾತಿ ರೆಜಿಮೆಂಟಿನ ಬ್ಯಾಂಡಿಗೂ ಅದರ ನಾಯಕ ಲೆಫ್ಟಿನೆಂಟ್ ಜೇಮ್ಸ್ ರೀಸ್ ಯುರೋಪ್ ಅವರಿಗೂ ಸಲ್ಲಬೇಕು. (ಯುರೋಪ್ ಎಂಬುದು ಅವರ ಮನೆತನದ ಹೆಸರು.)

ಅಲಬಾಮಾದಲ್ಲಿ ಹುಟ್ಟಿದ ಅವರು ಸೇನೆ ಸೇರುವ ಹೊತ್ತಿಗೇ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ್ದರು. 1910ರಲ್ಲಿ ಕಪ್ಪು ಸಂಗೀತಗಾರರನ್ನು ಒಗ್ಗೂಡಿಸಿ ಕ್ಲೆಫ್ ಕ್ಲಬ್ ಕಟ್ಟಿದ್ದರು. 1912ರಲ್ಲಿ ನೂರಕ್ಕೂ ಹೆಚ್ಚು ವಾದಕರೊಡನೆ ಅಲ್ಲಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲಿನ ವೇದಿಕೆ ಏರಿದ್ದರು. ರೆಜಿಮೆಂಟಿನ ಕರ್ನಲ್ ವಿಲಿಯಂ ಹೇವರ್ಡ್ ಅತ್ಯುತ್ತಮ ಬ್ಯಾಂಡ್ ಬೇಕೆಂದಾಗ, ಅದಕ್ಕೆ ತಕ್ಕ ಹಣವೂ ಬೇಕೆಂದು ಯುರೋಪ್ ನೇರವಾಗಿ ಕೇಳಿದರು. ಉದ್ಯಮಿಯೊಬ್ಬರಿಂದ 10,000 ಡಾಲರ್ ಬಂತು. ಯುರೋಪ್ ಪೋರ್ಟೊ ರಿಕೊ ದ್ವೀಪದವರೆಗೂ ಹೋಗಿ ವಾದಕರನ್ನು ಕರೆತಂದರು.

1917ರ ಅಕ್ಟೋಬರಿನಲ್ಲಿ ಈ ಪಡೆ ತರಬೇತಿಗೆಂದು ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗಿನಲ್ಲಿತ್ತು. ಒಂದು ದಿನ ಬ್ಯಾಂಡಿನ ಗಾಯಕ ನೋಬಲ್ ಸಿಸ್ಲ್ ಪತ್ರಿಕೆ ಕೊಳ್ಳಲು ಹೋಟೆಲೊಂದರ ಒಳಗೆ ಹೋದಾಗ, ಟೋಪಿ ತೆಗೆಯಲಿಲ್ಲವೆಂದು ಅದರ ಬಿಳಿಯ ಮಾಲೀಕ ಅವರ ತಲೆಯ ಮೇಲಿದ್ದ ಟೋಪಿಯನ್ನು ಹೊಡೆದು ಕೆಡವಿ, ಅವರನ್ನು ಒದ್ದು ಹೊರಗಟ್ಟಿದ. ಅಲ್ಲಿದ್ದ ಸೈನಿಕರು ಹೋಟೆಲಿನ ಮೇಲೆ ಬೀಳಲು ಸಿದ್ಧರಾದಾಗ ಅವರನ್ನು ತಡೆದು, ಶಿಸ್ತಿನಿಂದ ಹೊರಗೆ ಕಳಿಸಿದವರು ಯುರೋಪ್. ತನ್ನದೇ ದೇಶದ ಸಮವಸ್ತ್ರ ತೊಟ್ಟು ಅವಮಾನ ನುಂಗಿದ ಈ ಮನುಷ್ಯನನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ಫ್ರಾನ್ಸಿನಲ್ಲಿಯೂ ಅಮೆರಿಕದ ಸೇನೆ ಇವರನ್ನು ಬಿಳಿಯ ಸೈನಿಕರ ಜೊತೆ ನಿಲ್ಲಿಸದೆ ಫ್ರೆಂಚ್ ಸೇನೆಗೆ ಒಪ್ಪಿಸಿಬಿಟ್ಟಿತು. ಫ್ರೆಂಚ್ ಹೆಲ್ಮೆಟ್ ತೊಟ್ಟು, ಫ್ರೆಂಚ್ ಬಂದೂಕು ಹಿಡಿದು 191 ದಿನ ಯುದ್ಧರಂಗದಲ್ಲಿದ್ದ ಈ ರೆಜಿಮೆಂಟಿಗೆ ಫ್ರಾನ್ಸ್ ತನ್ನ ಕ್ರೋವಾ ದ ಗೇರ್ ಎಂಬ ಯುದ್ಧ ಶೌರ್ಯ ಪದಕ ನೀಡಿತು. ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಹೌದೆಂದೇ. ಯುರೋಪ್ ಮಷಿನ್‌ಗನ್ ಕಂಪನಿಯ ಅಧಿಕಾರಿಯಾಗಿ ಕಂದಕಗಳಲ್ಲಿದ್ದರು, ವಿಷಾನಿಲ ದಾಳಿಗೆ ಸಿಕ್ಕಿ ಆಸ್ಪತ್ರೆ ಸೇರಿದರು.

ಸಂಗೀತದ ವಿಷಯಕ್ಕೆ ಬಂದರೆ, ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಬ್ಯಾಂಡ್ ಫ್ರೆಂಚ್ ರಾಷ್ಟ್ರಗೀತೆಯನ್ನೇ ನುಡಿಸಿದರೂ, ಸುತ್ತ ನೆರೆದಿದ್ದ ಫ್ರೆಂಚರಿಗೆ ಅದು ತಮ್ಮ ಗೀತೆಯೆಂದು ತಿಳಿಯಲು ಕೆಲವು ಕ್ಷಣಗಳೇ ಬೇಕಾದವು. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಬ್ಯಾಂಡಿನ ನಾಯಕರೊಬ್ಬರು ಸ್ವರಲಿಪಿ ಪಡೆದು ತಮ್ಮವರಿಂದ ನುಡಿಸಿ ನೋಡಿದರು. ಅದೇ ನಾದ ಬರಲಿಲ್ಲ. ವಾದ್ಯಗಳಲ್ಲಿ ಏನೋ ವಿಶೇಷವಿರಬೇಕೆಂದು ಅವುಗಳನ್ನು ಪರೀಕ್ಷಿಸಿದರೂ ಏನೂ ಸಿಗಲಿಲ್ಲ ಎಂದು ಯುರೋಪ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗುಟ್ಟು ಇದ್ದದ್ದು ಕಹಳೆಗಳ ಬಾಯಿಗೆ ನಾದ ತಗ್ಗಿಸುವ ಮ್ಯೂಟ್ ಇಟ್ಟು, ನಾಲಗೆ ಕಂಪಿಸುತ್ತ ಊದುವ ವಿಧಾನದಲ್ಲಿ. ಇಂದಿನ ಅರ್ಥದಲ್ಲಿ ಇದು ಪೂರ್ಣ ಜಾಝ್ ಅಲ್ಲ, ಸ್ಥಳದಲ್ಲೇ ಹೊಸದಾಗಿ ಹೆಣೆದು ನುಡಿಸುವ ಮನೋಧರ್ಮಕ್ಕೆ ಇಲ್ಲಿ ಎಡೆ ಕಡಿಮೆ. ವಾದಕರು ಬರೆದದ್ದಕ್ಕಿಂತ ಹೆಚ್ಚು ಸೇರಿಸದಂತೆ ಯುರೋಪ್ ಅಭ್ಯಾಸದಲ್ಲಿ ಎಚ್ಚರ ವಹಿಸುತ್ತಿದ್ದರು.

1919ರ ಫೆಬ್ರುವರಿ 17ರಂದು ರೆಜಿಮೆಂಟ್ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ಹೊರಟು ಕಪ್ಪು ಜನರ ಬಡಾವಣೆ ಹಾರ್ಲೆಮ್ ತಲುಪಿತು. ಮೂರು ತಿಂಗಳೂ ತುಂಬಲಿಲ್ಲ. ಮೇ 9ರಂದು ಬಾಸ್ಟನ್ನಿನ ಸಂಗೀತ ಕಛೇರಿಯ ನಡುವೆ ತಮ್ಮದೇ ಬ್ಯಾಂಡಿನ ಡ್ರಮ್ ವಾದಕನ ಚಾಕುವಿನ ಇರಿತಕ್ಕೆ ಯುರೋಪ್ ಬಲಿಯಾದರು. ಆ ವಸಂತದಲ್ಲಿ ಪಾಥೆ ಕಂಪನಿ ಮುದ್ರಿಸಿಕೊಂಡ ಅವರ ಗ್ರಾಮಫೋನ್ ತಟ್ಟೆಗಳು ಉಳಿದಿವೆ. ವಿಷಾನಿಲದಿಂದ ಚೇತರಿಸಿಕೊಳ್ಳುತ್ತ ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ರಚಿಸಿದ, ಎರಡೂ ಪಡೆಗಳ ಕಂದಕಗಳ ನಡುವಣ ನೆಲದಲ್ಲಿ ಗಸ್ತು ತಿರುಗುವುದನ್ನು ಕುರಿತ ಹಾಡೂ ಅವುಗಳಲ್ಲಿದೆ. ಸಿಸ್ಲ್ ಅವರ ದನಿಯ ಹಿಂದೆ ಡ್ರಮ್ಮುಗಳು ಗುಂಡಿನ ಸುರಿಮಳೆಯಂತೆ ಸದ್ದು ಮಾಡುತ್ತವೆ.